ಫೋಟೋದೊಳಗಿನ ಪೈಲ್ವಾನನಿಗೆ ಜೋಡಿ

ಮಲಪ್ರಭೆಯ ದಂಡೆಗೆ ಒಂದು ಗರಡಿಮನೆ. ಅಲ್ಲಿ ಭರಮಪ್ಪ ಎಂಬ ಪೈಲ್ವಾನ. ಮೈತೂಕ ನೂರಾ ಎಂಟು ಕಿಲೋ. ಬಾಯಿಯ ತೂಕ ಬೇರೆ.

ಆಡಿದ ಹನ್ನೊಂದು ಕುಸ್ತಿಯನ್ನೂ ಗೆದ್ದಿದ್ದ. ಬೆನ್ನಿಗೆ ಮಣ್ಣು ಹತ್ತಿದರೆ ಸೋಲು; ಅವನ ಬೆನ್ನಿಗೆ ಇನ್ನೂ ಹತ್ತಿರಲಿಲ್ಲ. ಸುತ್ತಲಿನ ಏಳು ಊರಲ್ಲಿ ಅವನಿಗೆ ಜೋಡಿಯಾಗಿ ಎದುರು ನಿಲ್ಲಲು ಯಾರೂ ಮುಂದೆ ಬರುತ್ತಿರಲಿಲ್ಲ. ಬದುಕಿದ್ದವರು ಮುಗಿದ ಮೇಲೆ ಭರಮಪ್ಪ ಸತ್ತವರ ಬೆನ್ನು ಹತ್ತಿದ.

ಅಭ್ಯಾಸ ಮುಗಿಸಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಕೂತಾಗ ಅವನ ಕುಸ್ತಿ ಶುರುವಾಗುತ್ತಿತ್ತು.

"ಲೇ ಭರಮ್ಯಾ, ಬ್ರಿಟಿಷರ ಕಾಲದಾಗ ಒಬ್ಬಾಂವ ಇಬ್ಬರನ್ನ ಒಮ್ಮೆಗೇ ಎತ್ತಿ ಒಗೀತಿದ್ದನಂತಲ್ಲ, ಅಂವಾ ಸಿಕ್ಕಿದ್ರ?"

"ಅಂವಗ ಐದು ನಿಮಿಷ ಕೊಡತೇನಿ. ವಯಸ್ಸಿಗೆ ಮರ್ಯಾದಿ."

"ಮತ್ತ ಆ ಸಂಸ್ಥಾನದ ಜಟ್ಟಿ?"

"ಮೂರು. ಹಲಗಿ ಬಡಿಯಾಂವ ಹಲಗಿ ಕಾಸೂದ್ರಾಗ ಮುಗಸ್ತಿದ್ದೆ."

ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಸಿದ್ರಾಮನೂ ನಗುತ್ತಿದ್ದ. ಸಿದ್ರಾಮನೆಂದರೆ ಭರಮಪ್ಪನ ಜೊತೆ ದಿನಾ ಅಭ್ಯಾಸಕ್ಕೆ ನಿಲ್ಲುವ ಗೆಳೆಯ. ಆ ಭಾರ ತಡೆಯುವವನು ಗರಡಿಯಲ್ಲಿ ಅವನೊಬ್ಬನೇ.

ಒಂದು ದಿನ ಸಿದ್ರಾಮ ಗೋಡೆಯ ಕಡೆ ಕೈ ತೋರಿಸಿ ಕೇಳಿದ. "ನಮ್ಮಜ್ಜಗ ಎಷ್ಟು ನಿಮಿಷೋ?"

ಗೋಡೆಯ ಮೇಲೆ ಗುರಪ್ಪಜ್ಜನ ಫೋಟೋ ಇತ್ತು. ಹೆಗಲ ಮೇಲೆ ಗದೆ, ತೊಡೆ ಎಂದರೆ ಗುಡಿಯ ಕಂಬ. ಆ ಕಣ್ಣು ನೋಡಿದೊಡನೆ ಭರಮಪ್ಪನ ಎದೆಯಲ್ಲಿ ಏನೋ ಜಗ್ಗಿತು. ಜಗ್ಗಿದ್ದಕ್ಕೇ ಬಾಯಿ ಇನ್ನಷ್ಟು ಓಡಿತು.

"ನಿಮ್ಮಜ್ಜಗ? ಎರಡು ನಿಮಿಷ. ಕೂಳಿಗೆ ಗತಿ ಇಲ್ಲದ ಕಾಲ ಅದು. ಹಸದಾಂವನ್ನ ಹಸದಾಂವ ಕೆಡವತಿದ್ದ, ಅದಕ್ಕ ಪೈಲ್ವಾನಕಿ ಅಂತಿದ್ರು."

ಯಾರೂ ನಗಲಿಲ್ಲ.

ಸಿದ್ರಾಮ ಮೈಮೇಲಿನ ಮಣ್ಣು ಝಾಡಿಸಿದ. ಅಂಗಿ ಹಾಕಿಕೊಂಡ. ಹೋದ.

ಮರುದಿನ ಬರಲಿಲ್ಲ. ಮೂರನೆಯ ದಿನವೂ ಇಲ್ಲ. ಮಿರಜ್ ಕಡೆಯ ದೊಡ್ಡ ಪೈಲ್ವಾನನೊಬ್ಬನ ಜೊತೆ ಭರಮಪ್ಪನ ಕುಸ್ತಿಗೆ ಇನ್ನು ಎಂಟೇ ದಿನ. ಎದುರಿಗೆ ನಿಲ್ಲುವವನಿಲ್ಲದೆ ಭರಮಪ್ಪ ಕಂಬಕ್ಕೆ ಭುಜ ಕೊಟ್ಟು ನೂಕುತ್ತಿದ್ದ. ಕಂಬ ಮಾತಾಡುವುದಿಲ್ಲ, ಬೈಯುವುದಿಲ್ಲ, ಬೆನ್ನು ತಿಕ್ಕುವುದೂ ಇಲ್ಲ.

ಕೊನೆಗೆ ಗರಡಿಯ ಗುರು, ವಸ್ತಾದ್ ಕಲ್ಲನಗೌಡರ ಮುಂದೆ ಹೋಗಿ ನಿಂತ. ಮುದುಕರು ಕಣದ ಕೆಮ್ಮಣ್ಣಿಗೆ ಮಜ್ಜಿಗೆ ಹೊಯ್ದು ಕಲೆಸುತ್ತಿದ್ದರು.

"ವಸ್ತಾದ್ರ, ಸಣ್ಣಾವರಿದ್ದಾಗ ನೀವು ಗುರಪ್ಪಜ್ಜನ ಕುಸ್ತಿ ಕಣ್ಣಾರೆ ನೋಡೀರಿ. ನಾನೂ ಅಂವಾ ಆಡಿದ್ರ ಯಾರು ಗೆಲ್ಲತಿದ್ರು? ನಾನಂದ್ರ ಸಿದ್ರಾಮಗ ಹೇಳ್ರಿ. ಗುರಪ್ಪಜ್ಜ ಅಂದ್ರ ನನಗ ಹೇಳ್ರಿ. ಕಥಿ ಮುಗೀಲಿ."

"ಹೇಳೂದ್ಯಾಕ? ಆಡಿಸೇ ಬಿಡೂನು."

"ಸತ್ತಾಂವನ್ನ?"

"ಜೋಡಿ ಕಟ್ಟೂದು ನನ್ನ ಕೆಲಸ. ಜೋಡಿ ಸಮ ಆಗಬೇಕು, ಅಷ್ಟ. ನಿನ್ನ ತೂಕ?"

"ನೂರಾ ಎಂಟು."

"ಅಂವಂದು ತೊಂಬತ್ತಾರು."

"ಬೇಕಾರ ಒಂದ ಕೈಲೆ ಆಡತೇನಿ."

"ಎರಡೂ ಕೈ ಇರಲಿ. ಅಂವಾ ಹೆಂಗ ಬರತಿದ್ನೋ ಹಂಗ ನೀನೂ ಬಾ. ಕುಸ್ತಿ ದಿನಾನೂ ಮಧ್ಯಾಹ್ನತನಕ ನೇಗಿಲ ಹೊಡೀತಿದ್ದ. ಆಮ್ಯಾಲೆ ಎರಡು ರೊಟ್ಟಿ, ಒಂದು ಉಳ್ಳಾಗಡ್ಡಿ ಕಟಗೊಂಡು ಬರಿಗಾಲಲೆ ನಾಲ್ಕು ಹರದಾರಿ ನಡಕೊಂತ ಬಂದು ಕಣಕ್ಕ ಇಳೀತಿದ್ದ."

"ಇಷ್ಟೇನ್ರಿ?" ಭರಮಪ್ಪ ತೊಡೆ ತಟ್ಟಿದ. "ನಮ್ಮೂರೂ ನಾಲ್ಕೇ ಹರದಾರಿ. ನಾಳೇನ ಬರತೇನಿ."

ದಿನಾ ಆ ಹನ್ನೆರಡು ಮೈಲಿ ದಾರಿಯಲ್ಲಿ ಬೈಕಿನ ಮೇಲೆ ಬರುತ್ತಿದ್ದವನು ಅವನು.

ಮರುದಿನ ಕಾಕಾನ ಎತ್ತು ಹೂಡಿದ. ಪೈಲ್ವಾನನಾದ ಮೇಲೆ ಮನೆಯವರು ಅವನಿಗೆ ಬಾದಾಮಿ ಹಾಲು ಕೊಟ್ಟಿದ್ದರೇ ಹೊರತು ನೇಗಿಲು ಮುಟ್ಟಿಸಿರಲಿಲ್ಲ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ.

ಮೊದಲ ಹರದಾರಿ ಸಿಳ್ಳೆ ಹಾಕುತ್ತ ನಡೆದ. ಎರಡನೆಯದರಲ್ಲಿ ರೊಟ್ಟಿ ಮುಗಿದವು, ಹಸಿವು ಮುಗಿಯಲಿಲ್ಲ. ಮೂರನೆಯದರಲ್ಲಿ ಹಿಮ್ಮಡಿ ಒಡೆದು ರಕ್ತ ಬಂತು.

ಒಂದು ಬನ್ನಿ ಮರದ ನೆರಳಿಗೆ ಕೂತ. ಗುರಪ್ಪಜ್ಜ ಹೀಗೇ ಬರಿಗಾಲಲ್ಲಿ ನಡೆದು ಕುಸ್ತಿ ಆಡಿ, ಮತ್ತೆ ನಡೆದು ಊರು ಸೇರಿ, ಬೆಳಗಾದರೆ ಮತ್ತೆ ಎತ್ತು ಹೂಡುತ್ತಿದ್ದ.

"ಇಂಥಾ ಮನುಷ್ಯಾಗ ಹಸದಾಂವ ಅಂದ್ಯಲ್ಲೋ ಭರಮ್ಯಾ," ಎಂದು ತನಗೆ ತಾನೇ ಅಂದುಕೊಂಡ. ಆದರೂ ಎದ್ದ. ಮಾತು ಕೊಟ್ಟಾಗಿತ್ತು.

ಗರಡಿ ಮುಟ್ಟಿದಾಗ ಹೊಳೆಯ ಮೇಲೆ ಸಂಜೆಬಿಸಿಲು. ಕಣದೊಳಗೆ ವಸ್ತಾದರು ನಿಂತಿದ್ದರು. ಪಕ್ಕದಲ್ಲಿ, ಲಂಗೋಟಿ ಬಿಗಿದು, ಸಿದ್ರಾಮ.

"ಗುರಪ್ಪಗ ಹೇಳಿ ಕಳಿಸಿದ್ದೆ," ಎಂದರು ವಸ್ತಾದರು. "ನಂದು ಇಷ್ಟ ಉಳದೈತಿ ಅಂತ ಈ ಮೊಮ್ಮಗನ್ನ ಕಳಿಸ್ಯಾನ."

ಕುಸ್ತಿಯ ಪದ್ಧತಿಯಂತೆ ಇಬ್ಬರ ಕೈ ಹಿಡಿದು ಕೂಡಿಸಿದರು. ಜೋಡಿ ಗೊತ್ತಾಯಿತು.

ಭರಮಪ್ಪನ ಮೈಯಲ್ಲಿ ಅರ್ಧ ಬಲವೂ ಉಳಿದಿರಲಿಲ್ಲ. ಅಷ್ಟಾದರೂ ಸಿದ್ರಾಮನನ್ನು ಕೆಡವಬಲ್ಲೆ ಎಂದು ಅವನಿಗೆ ಗೊತ್ತಿತ್ತು. ಆದರೆ ಹಿಡಿದ ಕೈಯನ್ನು ಭರಮಪ್ಪ ಎಳೆಯಲಿಲ್ಲ, ಬಿಡಲೂ ಇಲ್ಲ.

"ವಸ್ತಾದ್ರ," ಅಂದ. "ಇಂವಾ ಅಲ್ಲರೀ. ಇಂವನ ಅಜ್ಜ ಇಲ್ಲಿ ನಿಂತಿದ್ರ, ನಾ ಸೋಲತಿದ್ದೆ."

ಹುಟ್ಟಿದಾಗಿನಿಂದ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ. ಅಂದರೆ ಆಕಾಶವೇ ಕಳಚಿ ಬೀಳುತ್ತದೆ ಎಂದುಕೊಂಡಿದ್ದ. ಒಂದು ಹೆಂಚೂ ಅಲುಗಲಿಲ್ಲ. ಎದೆಯ ಮೇಲೆ ಕೂತಿದ್ದ ಆಳೊಬ್ಬ ಎದ್ದು ಹೋದ ಹಾಗೆ ಉಸಿರು ಮಾತ್ರ ಹೊಟ್ಟೆಯ ತಳದವರೆಗೂ ಇಳಿಯಿತು.

ಸಿದ್ರಾಮ ಅವನ ಮುಖ ನೋಡಿದ. "ಇಲ್ಲಲೇ. ನಿನ್ನಂಥಾ ಕ್ವಾಣ ನಮ್ಮಜ್ಜ ಎಲ್ಲಿ ಕಂಡಿದ್ದ? ಅಂವಗೂ ತ್ರಾಸಾಗತಿತ್ತು."

"ಬಾಯಿ ಮುಚ್ಚು. ಎರಡು ನಿಮಿಷದಾಗ ನನ್ನ ಕೆಡವತಿದ್ದ."

"ಕಡಿಮಿ ಅಂದ್ರ ಇಪ್ಪತ್ತು ಹಿಡೀತಿತ್ತು."

"ಐದು. ಅದಕ್ಕಿಂತ ಹೆಚ್ಚು ನಾ ಒಪ್ಪಾಂಗಿಲ್ಲ."

ಸಿದ್ರಾಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣದ ಅಂಚಿಗೆ ಕೂತು ಗೆಳೆಯನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚತೊಡಗಿದ.

"ನಾಳೆ ಬರತೀಯಿಲ್ಲೋ?" ಎಂದ ಭರಮಪ್ಪ, ಮೆಲ್ಲಗೆ.

"ಬರತೇನಿ. ನೀ ಮಾತ್ರ ಗಾಡಿ ಮ್ಯಾಲೆ ಬಾ ಮಾರಾಯ."

ಭರಮಪ್ಪನೂ ನಕ್ಕ. ಎದ್ದು ನಿಂತ ಮೇಲೆ ಮತ್ತೊಂದು ಅನುಮಾನ ಕೊರೆಯಿತು. ಎಷ್ಟಾದರೂ ಭರಮಪ್ಪನಲ್ಲವೇ.

"ವಸ್ತಾದ್ರ, ಒಂದ ಮಾತು. ಹಂಗಾರ ಇವತ್ತು ನಾ ಸೋತಂಗಾತೇನ್ರಿ?"

ವಸ್ತಾದರು ಅವನನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರು. ಹೆಗಲಿನಿಂದ ಸೊಂಟದವರೆಗೆ ಬೆನ್ನನ್ನು ಅಂಗೈಯಿಂದ ಒಮ್ಮೆ ಸವರಿದರು. ಆ ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದರು.

"ಸೋತೆ ಅಂತೀ. ಮಣ್ಣೆಲ್ಲಿ ಐತೋ?"