ಗೋಳಿನಂಗಳ

ಕಣವಿಹಾಳದಲ್ಲಿ ಜಾಲಿಹಳ್ಳದ ಆಚೆ ಇರುವ ಕಾಲೇಜಿನ ಹಿಂಭಾಗಕ್ಕೆ ಹೋದರೆ, ಮರಡಿಯ ಮಗ್ಗುಲಲ್ಲಿ ಒಂದು ಚಿಕ್ಕ ಫುಟ್‌ಬಾಲ್ ಕ್ರೀಡಾಂಗಣ ಕಾಣುತ್ತದೆ. ಮೂರು ಕಡೆ ಮರಡಿಯನ್ನೇ ಕಡಿದು ಮಾಡಿದ ಕಲ್ಲಿನ ಮೆಟ್ಟಿಲುಗಳು, ನಾಲ್ಕನೆಯ ಕಡೆ ಬಯಲು. ದೊಡ್ಡ ಊರಿನ ಸ್ಟೇಡಿಯಂ ನೋಡಿ ಬಂದವರಿಗೆ ಇದು ಮೆಟ್ಟಿಲ ಬಾವಿಯೊಂದನ್ನು ಅಗಲ ಮಾಡಿಟ್ಟಂತೆ ತೋರೀತು. ಸುತ್ತಲಿನ ನಾಲ್ಕು ಹಳ್ಳಿಯ ಜನ ಬಂದು ಒತ್ತಿ ಕುಳಿತರೆ ತುಂಬಿಬಿಡುತ್ತದೆ. ಬಾಗಿಲ ಮೇಲಿನ ಕಲ್ಲಿನಲ್ಲಿ ‘ಗೋಳಿನಂಗಳ’ ಎಂದು ಕೆತ್ತಿದೆ. ಹೊರಗಿನಿಂದ ಪಂದ್ಯಕ್ಕೆ ಬಂದ ಹುಡುಗರು ಅದನ್ನು ಓದಿ ನಗುತ್ತಾರೆ. ಲಕಾರ ಳಕಾರ ತಿಳಿಯದ ಹಳ್ಳಿಯವರು ಗೋಲನ್ನು ಗೋಳು ಮಾಡಿದ್ದಾರೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಹೊಸದಾಗಿ ಬಂದ ಪ್ರಾಂಶುಪಾಲರೊಬ್ಬರು ಒಮ್ಮೆ ಆ ಅಕ್ಷರವನ್ನು ತಿದ್ದಿಸಲು ಕಲ್ಲುಕುಟಿಗನನ್ನು ಕರೆಸಿದರಂತೆ. ಊರ ಹೆಣ್ಣುಮಕ್ಕಳು ಬಂದು ಬಾಗಿಲಿಗೆ ಅಡ್ಡ ಕುಳಿತುಬಿಟ್ಟರು. “ಸಾಹೇಬ್ರ, ಅಕ್ಷರ ತಪ್ಪಿಲ್ಲರಿ. ಓದೋವರಿಗೆ ಕತಿ ಗೊತ್ತಿಲ್ಲ, ಅಷ್ಟ” ಎಂದಳು ಅವರಲ್ಲೊಬ್ಬ ಮುದುಕಿ. ಕಲ್ಲುಕುಟಿಗ ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಆ ಕತೆ ಹೀಗಿದೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಕಾಲೇಜು ಬಂದ ಹೊಸತಿನಲ್ಲಿ, ಇಲ್ಲಿ ಇದ್ದದ್ದು ಗರಸು ಮಣ್ಣು ತೆಗೆದು ತೆಗೆದು ಬಿಟ್ಟ ಒಂದು ದೊಡ್ಡ ತಗ್ಗು. ಮಳೆಗಾಲದಲ್ಲಿ ಎಮ್ಮೆಗಳು ಬಿದ್ದುಕೊಳ್ಳುತ್ತಿದ್ದವು, ಬೇಸಿಗೆಯಲ್ಲಿ ಓತಿಕ್ಯಾತಗಳು ಓಡಾಡುತ್ತಿದ್ದವು. ಆಗ ಜಂಕ್ಷನ್ನಿನ ರೈಲ್ವೆ ಕಾಲೊನಿಯಿಂದ ಬೆಂಜಮಿನ್ ಎಂಬ ಡ್ರಿಲ್ ಮಾಸ್ತರರು ಕಾಲೇಜಿಗೆ ಬಂದರು. ಊರವರ ಬಾಯಲ್ಲಿ ಅವರು ‘ಬಿಂಜಮನಿ ಮಾಸ್ತರ’ ಆದರು. ಬಿಂಜಮನಿ ಎಂಬ ಊರು ಎಲ್ಲೋ ಇರಬೇಕೆಂದು ತಿಳಿದವರೂ ಇದ್ದರು. ಮಾಸ್ತರರು ಆ ತಗ್ಗನ್ನು ನೋಡಿದರು. ಬೇರೆಯವರಿಗೆ ಎಮ್ಮೆಯ ಹೊಂಡವಾಗಿ ಕಂಡದ್ದು ಅವರಿಗೆ ಚೆಂಡಾಟದ ಕಣವಾಗಿ ಕಂಡಿತು. ಸುತ್ತಲಿನ ದಿಬ್ಬವನ್ನು ಮೆಟ್ಟಿಲಾಗಿ ಕಡಿದು, ಮರಡಿಯ ಹಾಸುಗಲ್ಲನ್ನೇ ಉರುಳಿಸಿ ತಂದು ಕೂಡಿಸಿದರೆ ಜನ ಕುಳಿತು ನೋಡಲು ಆಗುತ್ತದೆ ಎಂದು ಆಡಳಿತದವರಿಗೆ ಹೇಳಿದರು. ಅವರು ಒಪ್ಪಿದರು. ಹುಡುಗರು ಬೆಳಿಗ್ಗೆ ಪಾಠ ಕೇಳಿ ಹೊತ್ತು ಇಳಿದ ಮೇಲೆ ಗುದ್ದಲಿ ಹಿಡಿದರು.

ಆ ಹುಡುಗರಲ್ಲಿ ದ್ಯಾಮಣ್ಣ ಎಂಬವನೊಬ್ಬ; ಮಾಸ್ತರರು ಚೆಂಡಾಟ ಕಲಿಸುವಾಗ ಬಲೆ ಕಾಯುತ್ತಿದ್ದವನು. ತಾಯಿತಂದೆ ಪ್ಲೇಗಿನಲ್ಲಿ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ ಫಕೀರವ್ವ. ತಮ್ಮನ ಸಲುವಾಗಿ ಅವಳು ಬಂದ ಸಂಬಂಧಗಳನ್ನೆಲ್ಲ ಹಿಂದಕ್ಕೆ ಕಳಿಸಿದ್ದಳು. ಅವಳಿಗೆ ಹೊಲವಿರಲಿಲ್ಲ, ಮನೆಯೆಂದರೆ ಒಂದಂಕಣದ ಕೋಣೆ. ಆದರೆ ಸೀಮೆಯಲ್ಲಿ ಅವಳಷ್ಟು ಬೇಕಾದ ಹೆಣ್ಣು ಮತ್ತೊಬ್ಬಳಿರಲಿಲ್ಲ. ಏಕೆಂದರೆ ಅವಳು ಗೋಳು ಎತ್ತುವವಳು. ಆ ಕಡೆಯಲ್ಲಿ ಒಂದು ರೂಢಿಯಿತ್ತು. ಸಾವಾದ ಮನೆಯ ಹೆಂಗಸರು ತಾವಾಗಿ ಬಾಯಿ ತೆಗೆದು ಅಳುವಂತಿರಲಿಲ್ಲ. ಹೊರಗಿನ ಮನೆಯ ಹೆಣ್ಣೊಬ್ಬಳು ಬಂದು, ಹೆಣದ ಮುಂದೆ ಕುಳಿತು, ಸೆರಗನ್ನು ಎಳೆದುಕೊಂಡು, “ಗೋಳೋ” ಎಂದು ದನಿ ಎತ್ತಬೇಕು. ಆಗ ಮನೆಯವರ ಎದೆಯ ಕಟ್ಟೆ ಒಡೆಯುತ್ತಿತ್ತು. ಫಕೀರವ್ವ ದನಿ ಎತ್ತಿದಳೆಂದರೆ ಕಲ್ಲಿನಂಥ ಗಂಡಸರೂ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಸತ್ತವನ ಗುಣವನ್ನೆಲ್ಲ ಹಾಡಿ, ಅವನು ಬಿಟ್ಟುಹೋದ ಎತ್ತನ್ನೂ ಉಣ್ಣದೆ ಉಳಿಸಿದ ಬುತ್ತಿಯನ್ನೂ ಹಾಡಿ ಅವಳು ಅಳಿಸುತ್ತಿದ್ದಳು. “ನೀ ನಮ್ಮನಿಗೆ ಬರಬ್ಯಾಡಬೇ ಯವ್ವಾ, ನಿನ್ನ ನೋಡಿದ್ರ ಹಾಸಿಗಿ ಹಿಡದ ನಮ್ಮತ್ತಿ ಹೆದರತಾಳ” ಎಂದು ಓಣಿಯ ಹೆಂಗಸರು ಚೇಷ್ಟೆ ಮಾಡಿದರೆ, “ನಿಮ್ಮತ್ತಿ ಹೆದರಂಗಿಲ್ಲ, ಲಗೂನ ಬಾ ಅಂತ ನೀನ ನನ್ನ ಕರೀತಿ” ಎಂದು ಅವಳೂ ತಿರುಗಿ ಅನ್ನುತ್ತಿದ್ದಳು.

ರೂಢಿಯ ಇನ್ನೊಂದು ತುದಿ ಕಠಿಣವಾಗಿತ್ತು. ಹಳ್ಳದ ಆಚೆ, ಗಡಿಕಲ್ಲಿನ ಹೊರಗೆ ಪ್ರಾಣ ಬಿಟ್ಟವರನ್ನು ಊರೊಳಗೆ ತರುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಆಚೆಯೇ ಮಣ್ಣು ಮಾಡಬೇಕು. ಮಣ್ಣು ಮುಚ್ಚಿದ ಮೇಲೆ ಗೋಳು ಎತ್ತುವಂತಿಲ್ಲ. ಹೆಣವಿಲ್ಲದ ಗೋಳು ಇನ್ನೊಂದು ಹೆಣವನ್ನು ಹುಡುಕುತ್ತದೆ ಎನ್ನುತ್ತಿದ್ದರು. ತಿಪ್ಪವ್ವ ಎಂಬ ಹೆಣ್ಣುಮಗಳ ಗಂಡ ದೂರದ ಗಿರಣಿಯಲ್ಲಿ ತೀರಿಕೊಂಡು, ಅವನ ಅಂಗಿಯೊಂದು ಮಾತ್ರ ಊರಿಗೆ ಬಂದಾಗ, ಅವಳು ಬಂದು ಫಕೀರವ್ವನ ಕಾಲು ಹಿಡಿದಿದ್ದಳು. “ಅಂಗಿ ಮುಂದ ಇಟಕೊಂಡು ಒಂದ ಸಲ ಗೋಳೋ ಅನ್ನ ಯಕ್ಕಾ.” ಫಕೀರವ್ವ ಕಾಲು ಹಿಂದಕ್ಕೆ ಎಳೆದುಕೊಂಡಿದ್ದಳು. “ಅಂಗಿಗೆ ಅಳೂದೈತೇನ? ಊರಿಗೆ ಕೇಡು ತರಬ್ಯಾಡ, ಏಳ.” ತಿಪ್ಪವ್ವ ಎದ್ದು ಹೋದಳು. ಅಂದಿನಿಂದ ಇಬ್ಬರೂ ಒಂದೇ ಬಾವಿಗೆ ಬಂದರೂ ಮಾತಾಡಿದವರಲ್ಲ.

ಶಿವನ ಚಿತ್ತ ಯಾರಿಗೆ ತಿಳಿದೀತು? ಆ ವರ್ಷ ಹತ್ತಿ ಬಿಡಿಸುವ ಸುಗ್ಗಿಗೆ ಫಕೀರವ್ವ ಮೂಡಲ ಸೀಮೆಯ ಊರೊಂದಕ್ಕೆ ಹೋಗಿದ್ದಳು. ಇತ್ತ ಮೆಟ್ಟಿಲಿನ ಕೆಲಸ ಅರ್ಧಕ್ಕೆ ಬಂದಿತ್ತು. ಒಂದು ಸಂಜೆ ಹುಡುಗರು ಹಾರೆಗೋಲು ಕೊಟ್ಟು ಹಾಸುಗಲ್ಲೊಂದನ್ನು ಇಳಿಸುತ್ತಿದ್ದಾಗ ಅಡಿಯ ಗರಸು ಸರಿಯಿತು. ಕೆಳಗೆ ನಿಂತಿದ್ದ ಇಬ್ಬರನ್ನು ದ್ಯಾಮಣ್ಣ ತಳ್ಳಿದ, ತಾನು ಸರಿಯಲಾಗಲಿಲ್ಲ. ಕಲ್ಲನ್ನು ಎತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು. ಸ್ಥಳ ಗಡಿಕಲ್ಲಿನ ಹೊರಗೆ, ಸೂರ್ಯ ಆಗಲೇ ಮರಡಿಯ ನೆತ್ತಿಗೆ ಇಳಿದಿದ್ದ. ಹಿರಿಯರು ರೂಢಿಯಂತೆ ನಡೆಸಿದರು. ಮಾಸ್ತರರು ಮಾತ್ರ, “ಇವನ ಅಕ್ಕ ಬರೂತನಕ ಇಡ್ರಿ, ನಿಮ್ಮ ಕಾಲು ಬೀಳತೀನಿ” ಎಂದು ಗೋಗರೆದರಂತೆ. ಹೊರಗಿನವರ ಮಾತು ನಡೆಯಲಿಲ್ಲ. ಬಂಡಿ ಫಕೀರವ್ವನನ್ನು ಕರೆತಂದದ್ದು ಮರುದಿನ. ಅವಳು ನೋಡಿದ್ದು ಹಸಿ ಮಣ್ಣಿನ ದಿಬ್ಬ.

ಊರ ಹೆಂಗಸರು ಹಳ್ಳದ ದಂಡೆಯವರೆಗೆ ಬಂದು ನಿಂತರು. ಯಾರೂ ಬಾಯಿ ತೆಗೆಯಲಿಲ್ಲ. ಮಣ್ಣು ಮುಚ್ಚಿಯಾಗಿತ್ತು. ಅದೂ ಅಲ್ಲದೆ, ಗೋಳೋ ಎನ್ನುವವಳು ಅವಳೇ. ಅವಳಿಗೆ ಗೋಳೋ ಎನ್ನುವವರು ಊರಿನಲ್ಲಿ ಯಾರಿದ್ದರು? ಫಕೀರವ್ವ ಗುಡ್ಡೆಯ ಮುಂದೆ ಕುಳಿತಳು. ಸೆರಗನ್ನು ಎಳೆದುಕೊಂಡಳು, ಬಾಯಿಯೂ ತೆರೆಯಿತು. ಆಮೇಲೆ, ಎಂದೋ ತಾನೇ ತಿಪ್ಪವ್ವನಿಗೆ ಹೇಳಿದ ಮಾತು ಅಡ್ಡ ಬಂದಂತೆ, ಬಾಯಿ ಮುಚ್ಚಿಕೊಂಡಿತು. ಎದ್ದು, ಸೀರೆಯ ಮಣ್ಣು ಕೊಡವಿ, ಮನೆಗೆ ನಡೆದಳು. ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ.

ಕೆಲಸ ನಿಂತಿತು. ಆಡಳಿತದವರು ತಗ್ಗನ್ನು ಮುಚ್ಚಿಬಿಡಿ ಎಂದರು. ಬೆಂಜಮಿನ್ ಮಾಸ್ತರರು ಒಂದು ಮುಂಜಾನೆ ಫಕೀರವ್ವನ ಹೊಸ್ತಿಲಿಗೆ ಬಂದು, ಒಳಗೆ ಕರೆದರೂ ಬಾರದೆ, ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತರು. “ಯವ್ವಾ, ಮುಚ್ಚು ಅಂದ್ರ ನಾನ ನಿಂತು ಮುಚ್ಚಸ್ತೀನಿ. ಮುಚ್ಚಿ ಈ ಊರು ಬಿಟ್ಟು ಹೋಗ್ತೀನಿ. ನೀವು ಹೇಳಿದಂಗ.” ಫಕೀರವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಅರ್ಧಕ್ಕ ಬಿಟ್ಟ ಮನಿಯಾಗ ದೆವ್ವ ಬಂದು ಕೂಡ್ತಾವಂತ ನಿಮಗ ಗೊತ್ತೈತೇನ್ರಿ ಮಾಸ್ತರ? ಕಟ್ಟ್ರಿ” ಎಂದಳು. ಮರುದಿನ ಅವಳೇ ಬುಟ್ಟಿ ಹಿಡಿದು ಬಂದಳು. ಮಣ್ಣು ಹೊತ್ತಳು, ಕಲ್ಲಿನ ಸಂದಿಗೆ ಗಾರೆ ತುಂಬಿದಳು. ಮಾತಿಗೆ ಮಾತು ಆಡುತ್ತಿದ್ದಳು, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳು. ಊರಲ್ಲಿ ಸಾವಾಗಿ ಜನ ಕರೆಯಲು ಬಂದಾಗ ಹೋಗಿ ಕುಳಿತಳು. ದನಿ ಮಾತ್ರ ಹೊರಡಲಿಲ್ಲ. ಎದ್ದು ಬಂದಳು. “ಫಕೀರವ್ವನ ಎದಿ ಕಟ್ಟೇತಿ. ಹಿಂಗ ಬಿಟ್ರ ಆಕಿ ಉಳಿಯಂಗಿಲ್ಲ” ಎಂದು ಮುದುಕಿಯರು ಬಾವಿಕಟ್ಟೆಯಲ್ಲಿ ಮಾತಾಡಿಕೊಂಡರು. ಮೆಟ್ಟಿಲು ಏರಿದಂತೆಲ್ಲ ಅವಳು ಸೊರಗುತ್ತ ಬಂದಳು. ಮುಗಿಯುವ ಹೊತ್ತಿಗೆ ಬುಟ್ಟಿಯೇ ಅವಳನ್ನು ಹೊತ್ತಂತೆ ಕಾಣುತ್ತಿತ್ತು.

ಬನಶಂಕರಿ ಹುಣ್ಣಿಮೆ ಕಳೆದ ಮೇಲೆ ಒಂದು ಒಳ್ಳೆಯ ದಿನ ನೋಡಿ ಮೊದಲ ಪಂದ್ಯವನ್ನು ಗೊತ್ತು ಮಾಡಿದರು. ಕಾಲೇಜಿನ ಹುಡುಗರಿಗೂ ಜಂಕ್ಷನ್ನಿನ ರೈಲ್ವೆಯವರಿಗೂ ಆಟ. ಹೆಣ್ಣುಮಕ್ಕಳು ಚೆಂಡಾಟ ನೋಡಲು ಬಂದದ್ದು ಅದೇ ಮೊದಲು. ಅವರಿಗೆ ಮೂಡಲ ಮೆಟ್ಟಿಲುಗಳನ್ನು ಬಿಟ್ಟುಕೊಟ್ಟಿದ್ದರು. ಮಾಸ್ತರರು ತಾವೇ ಹೋಗಿ ಫಕೀರವ್ವನನ್ನು ಕರೆತಂದು ಕೆಳಗಿನ ಮೆಟ್ಟಿಲಲ್ಲಿ ಕೂಡಿಸಿದರು. ತಿಪ್ಪವ್ವ ಮೇಲಿನ ಸಾಲಿನಲ್ಲಿ, ದೂರ, ಕುಳಿತಿದ್ದಳು. ಆಟ ಸುರುವಾಯಿತು. ಹೆಂಗಸರಿಗೆ ನಗು ತಡೆಯಲಿಲ್ಲ.

“ಕೈ ಅಷ್ಟುದ್ದ ಅದಾವ, ಚೆಂಡು ಮುಟ್ಟಂಗಿಲ್ಲಂತ. ಇದ್ಯಾವ ಮಡಿಬೇ?”

“ಮತ್ತ ಆ ಬಲಿ ಮುಂದ ನಿಂತಾನಲ್ಲ, ಅವ ಮುಟ್ಟತಾನ ನೋಡು!”

“ಅವ ಪೂಜಾರಿ ಇರಬೇಕು. ಅವನೊಬ್ಬನಿಗೆ ಹಕ್ಕೈತಿ.”

“ಸುಮ್ಮನಿರ್ರೇ,” ಎಂದು ಒಬ್ಬಳು ಮೊಣಕೈಯಿಂದ ತಿವಿದಳು. “ಅದು ದ್ಯಾಮಣ್ಣ ನಿಲ್ಲೋ ಜಾಗ ಆಗಿತ್ತಂತ.”

ನಗು ಆರಿತು. ಫಕೀರವ್ವ ತಿರುಗಿ ನೋಡಲಿಲ್ಲ. ಬಲೆಯ ಮುಂದೆ ನಿಂತ ಬೇರೆ ಯಾರದೋ ಮಗನನ್ನು, ಅವನು ಚೆಂಡನ್ನು ಎದೆಗೆ ಅವುಚಿಕೊಳ್ಳುವುದನ್ನು ನೋಡುತ್ತ ಕುಳಿತಿದ್ದಳು. ಅಷ್ಟರಲ್ಲಿ ಕಾಲೇಜಿನ ಹುಡುಗನೊಬ್ಬ ದೂರದಿಂದ ಒದ್ದ ಚೆಂಡು ರೈಲ್ವೆಯವರ ಬಲೆಗೆ ಬಿತ್ತು. ಅಂಥ ಕೂಗನ್ನು ಆ ಮರಡಿ ಹಿಂದೆಂದೂ ಕೇಳಿರಲಿಲ್ಲ. ಮೂರೂ ಕಡೆಯ ಜನ ಎದ್ದು ಕೈಯೆತ್ತಿ ಒಂದೇ ದನಿಯಲ್ಲಿ ಕೂಗಿದರು. ಮಾಸ್ತರರು ಕಲಿಸಿದ ಆ ಇಂಗ್ಲಿಷ್ ಮಾತು ಊರ ನಾಲಗೆಯಲ್ಲಿ ಹೊರಳಿ, ಕಲ್ಲಿಗೆ ಬಡಿದು ತಿರುಗಿ, ಕೆಳಗಿನ ಮೆಟ್ಟಿಲಲ್ಲಿದ್ದ ಹೆಣ್ಣಿನ ಕಿವಿಗೆ ಬಂದದ್ದು ಒಂದೇ ಆಗಿ: “ಗೋಳೋ!”

ಫಕೀರವ್ವ ಬೆಚ್ಚಿ ಎದ್ದಳು. ಸುತ್ತ ನೋಡಿದಳು. ಇಡೀ ಸೀಮೆಯೇ ಎದ್ದು ನಿಂತು ತನಗೆ ಗೋಳೋ ಎನ್ನುತ್ತಿದೆ. ಹೆಂಗಸರು, ಗಂಡಸರು, ಓದಿದವರು, ಹೊರಗಿನವರು. ಇಷ್ಟು ದಿನ ಬಾರದಿದ್ದ ಕರೆ ಇಂದು ಬಂದಿತು ಎಂದೇ ಅವಳು ತಿಳಿದಳು. ಸೆರಗನ್ನು ಎಳೆದುಕೊಂಡು, ಮೈದಾನದ ನಟ್ಟನಡುವೆ ನಡೆದು, ಕುಸಿದು ಕುಳಿತು ದನಿ ಎತ್ತಿದಳು.

“ಎತ್ತಿ ಆಡಿಸಿದ ಕೈಯಿ ಎಳ್ಳಷ್ಟೂ ಮುಟ್ಟಲಿಲ್ಲ,
ಮುಟ್ಟದೆ ಆಡೂವ ಆಟವ ಕಲಿತೇನೋ,
ಮಣ್ಣೀಗೆ ಹಕ್ಕು ಕೊಟ್ಟೇನೋ, ತಮ್ಮಯ್ಯ,
ಅಕ್ಕಾಗ ಮಡಿಯ ಮಾಡೀದೇನೋ…”

ಕುಣಿಯುತ್ತಿದ್ದ ಜನ ಮೊದಲು ತಿಳಿಯದೆ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಕುಳಿತರು. ರೈಲ್ವೆಯವರ ಹುಡುಗರು ಚೆಂಡು ಬಿಟ್ಟು ತಲೆ ತಗ್ಗಿಸಿದರು. ಊರ ಹಿರಿಯನೊಬ್ಬ, ಹೆಣವಿಲ್ಲದ ಗೋಳು ಎಂದು ಗೊಣಗಿ ಏಳಲು ಹೋದ. ಪಕ್ಕದವರು ಅವನ ಧೋತರ ಹಿಡಿದು ಕೂಡಿಸಿದರು. ಹೆಂಗಸರು ರೂಢಿಗೆ ಅಂಜಿ ಮೆಟ್ಟಿಲಿಗೆ ಅಂಟಿಕೊಂಡಿದ್ದರು. ಆಗ ಮೇಲಿನ ಸಾಲಿನಿಂದ ತಿಪ್ಪವ್ವ ಇಳಿದು ಬಂದಳು. ಮೈದಾನಕ್ಕೆ ಕಾಲಿಟ್ಟು, ಫಕೀರವ್ವನ ಎದುರು ಕುಳಿತು, ಅವಳ ಕೊರಳಿಗೆ ಕೈಹಾಕಿದಳು. ಫಕೀರವ್ವ ಮುಖವೆತ್ತಿ ನೋಡಿ ಒಂದೇ ಮಾತು ಕೇಳಿದಳು: “ನಿನ್ನ ಗಂಡನ ಹೆಸರು ಏನಬೇ?” ಗಂಡನ ಹೆಸರನ್ನು ಎಂದೂ ಬಾಯಲ್ಲಿ ತಾರದ ತಿಪ್ಪವ್ವ ಅಂದು ಎಲ್ಲರೂ ಕೇಳುವಂತೆ ಹೇಳಿದಳು. ಫಕೀರವ್ವ ಆ ಹೆಸರನ್ನೂ ಹಾಡಿಗೆ ತೆಗೆದುಕೊಂಡಳು. ಆಮೇಲೆ ಮೆಟ್ಟಿಲ ಮೇಲಿನ ಹೆಂಗಸರೆಲ್ಲ ಇಳಿದರು. ಯಾರ ಮನೆಯಲ್ಲಿ ಯಾರು ಸೀಮೆಯ ಹೊರಗೆ ಹೋಗಿದ್ದರೋ ಅವರೆಲ್ಲರ ಹೆಸರೂ ಬಂತು. ಪಂದ್ಯ ಮುಂದುವರಿಯಲಿಲ್ಲ. ಬೆಂಜಮಿನ್ ಮಾಸ್ತರರು ಬಲೆಯ ಕಂಬಕ್ಕೆ ಹಣೆ ಹಚ್ಚಿ ನಿಂತಿದ್ದರು. ಹೊತ್ತು ಮುಳುಗುವವರೆಗೆ ಸೀಟಿ ಊದಲಿಲ್ಲ.

ಅಂಜಿದಂತೆ ಊರಿಗೆ ಯಾವ ಕೇಡೂ ಬರಲಿಲ್ಲ. ಆ ವರ್ಷ ಮಳೆ ಬೆಳೆ ಎಂದಿನಂತೆಯೇ ಆದವು. ಆದರೆ ಬಹಳ ದಿನ ಸೊರಗಿದ ದೇಹ ಫಕೀರವ್ವನದು; ಮುಂದಿನ ಸುಗ್ಗಿಯನ್ನು ನೋಡಲಿಲ್ಲ. ಅವಳು ತೀರಿಕೊಂಡಾಗ ಹೆಣದ ಮುಂದೆ ಕುಳಿತು ಗೋಳೋ ಎಂದವಳು ತಿಪ್ಪವ್ವ. ದನಿ ಚೆನ್ನಾಗಿರಲಿಲ್ಲ, ಹಾಡು ನಡುನಡುವೆ ತಪ್ಪುತ್ತಿತ್ತು, ಯಾರೂ ತಿದ್ದಲಿಲ್ಲ. ಹಿರಿಯರು ಕೂಡಿ, ಹೆಣ ಕಾಣದವರು ಹಳ್ಳದ ಆಚೆಯ ಅಂಗಳದಲ್ಲಿ ಅತ್ತರೆ ತಪ್ಪಿಲ್ಲ ಎಂದು ಗೊತ್ತು ಮಾಡಿದರು. ಅಂದಿನಿಂದ ಆ ಕ್ರೀಡಾಂಗಣಕ್ಕೆ ಗೋಳಿನಂಗಳ ಎಂದೇ ಹೆಸರಾಯಿತು.

ಇಂದಿಗೂ ಅಲ್ಲಿ ಆಟ ನಡೆಯುತ್ತದೆ, ಬೇರೆ ಬೇರೆ ಕಾಲೇಜಿನವರು ಬರುತ್ತಾರೆ. ಹೋದ ಮಾಗಿಯಲ್ಲಿ ಒಂದು ಪಂದ್ಯದ ನಡುವೆ ಊರ ಹುಡುಗರು ಇದ್ದಕ್ಕಿದ್ದಂತೆ ಓಡುವುದನ್ನು ಬಿಟ್ಟು ನಿಂತುಬಿಟ್ಟರಂತೆ. ಒಬ್ಬ ಚೆಂಡನ್ನು ಕಾಲಿನಡಿ ಒತ್ತಿ ಹಿಡಿದಿದ್ದ. ಹೊರಗಿನಿಂದ ಬಂದ ರೆಫರಿ ಓಡಿ ಬಂದು, ಏಟಾಯಿತೇ, ಏನಾಯಿತು ಎಂದು ಕೇಳಿದರು. ಹುಡುಗ ಮೂಡಲ ಮೆಟ್ಟಿಲಿನ ಕಡೆ ನೋಡಿದ. ಅಲ್ಲಿ ಯಾವುದೋ ಊರಿನ ಹೆಣ್ಣುಮಗಳೊಬ್ಬಳು, ಮಡಿಲಲ್ಲಿ ಮಡಿಚಿದ ಒಂದು ಸಮವಸ್ತ್ರವನ್ನು ಇಟ್ಟುಕೊಂಡು, ಆಗತಾನೇ ಕುಳಿತು ಸೆರಗನ್ನು ಎಳೆದುಕೊಳ್ಳುತ್ತಿದ್ದಳು.

“ಏನಿಲ್ಲರಿ ಸರ್,” ಎಂದ ಹುಡುಗ ಮೆಲ್ಲಗೆ. “ಯಾರೋ ಬಂದಾರ.”