ಹುಳುಗಳು ಚೆನ್ನಾಗಿವೆಯಾ?

"ಗುರುಗಳೇ, ನನ್ನ ಮೂಗು ನನ್ನದು, ನನ್ನ ಉಸಿರು ನನ್ನದು. ಅದಕ್ಕೆ ಬಟ್ಟೆ ಕಟ್ಟಿಕೋ ಎನ್ನಲು ಊರಿನವರು ಯಾರು?" ಎಂದು ಶಿಷ್ಯ ಮರಿದೇವ ಕೇಳಿದ. ಊರಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿತ್ತು. ಬರಿ ಮುಖದಲ್ಲಿ ಭಿಕ್ಷೆಗೆ ಹೋಗಿದ್ದ ಅವನನ್ನು ಆ ಬೆಳಿಗ್ಗೆ ಮೂರು ಮನೆಯವರು ಬಾಗಿಲಲ್ಲೇ ತಡೆದು ಕಳಿಸಿದ್ದರು. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಗುರುಗಳು ಕತೆ ಹೇಳಿದರು.

ಒಬ್ಬ ರೇಷ್ಮೆ ಬೆಳೆಗಾರನಿದ್ದ. ಅವನ ಮನೆಯ ಹುಳುಗಳಿಗೆ ಹೊಸ ಅಳಿಯನಿಗೂ ಸಿಗದಂಥ ಉಪಚಾರ. ಹುಳುಮನೆಯ ಬಾಗಿಲಲ್ಲಿ ಸುಣ್ಣದ ನೀರು ಇಟ್ಟಿರುತ್ತಿದ್ದ. ಕೈಕಾಲು ತೊಳೆಯದೆ ಅವನ ಹೆಂಡತಿಯೂ ಒಳಗೆ ಕಾಲಿಡುವಂತಿರಲಿಲ್ಲ. ಒಂದು ಹುಳುವಿಗೆ ಸೋಂಕು ತಗುಲಿದರೂ ಇಡೀ ಬೆಳೆ ಹೋಗುತ್ತದೆಂಬ ಭಯ ಅವನಿಗೆ. ಆ ಭಯ ತಪ್ಪೇನಲ್ಲ.

ಒಂದು ವರ್ಷ ಆ ಸೀಮೆಗೆ ಕೆಮ್ಮು, ಜ್ವರದ ರೋಗ ಬಂತು. ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡರು. ಇವನು ಕಟ್ಟಲಿಲ್ಲ. "ನನ್ನ ಉಸಿರು, ನನ್ನಿಷ್ಟ. ಹೆದರೋರು ಮನೇಲಿ ಕೂತ್ಕೊಳ್ಲಿ" ಎಂದು ಜಗಲಿಯ ಮೇಲೆ ಕೂತು ನಕ್ಕ. ಅವನಿಗೂ ಕೆಮ್ಮು ಬಂತು, ನಾಲ್ಕೇ ದಿನದಲ್ಲಿ ಹೋಯಿತು. ಆ ನಾಲ್ಕು ದಿನವೂ, ಪಕ್ಕದೂರಿನಿಂದ ಹಿಪ್ಪುನೇರಳೆ ಸೊಪ್ಪು ಹೊತ್ತು ತರುವ ಹೆಂಗಸಿನ ಎದುರು ನಿಂತು ಹೊರೆ ಇಳಿಸಿಕೊಂಡ, ಮಾತಾಡಿದ, ಕೆಮ್ಮಿದ.

ಆಮೇಲೆ ಒಂದು ದಿನ ಅವಳು ಬರಲಿಲ್ಲ. ಮರುದಿನವೂ ಇಲ್ಲ. ಅಲ್ಲಿ ಇಲ್ಲಿ ಸೊಪ್ಪು ಕೇಳಿ ತಂದು ಹೇಗೋ ಆರು ದಿನ ದೂಡಿದ. ಏಳನೆಯ ದಿನ ಸಿಟ್ಟು ನೆತ್ತಿಗೇರಿ ಅವಳ ಊರಿಗೇ ಹೊರಟ. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ.

ಅವಳ ಗಂಡ ಅಂಗಳದಲ್ಲಿ ಕೂತಿದ್ದ. ಇವನನ್ನು ಕಂಡರೂ ಏಳಲಿಲ್ಲ.

"ಎಲ್ಲಯ್ಯಾ ನಿನ್ನ ಹೆಂಡ್ತಿ? ಬರಲ್ಲ ಅಂತ ಒಂದು ಮಾತು ಹೇಳಿ ಕಳಿಸೋಕಾಗ್ಲಿಲ್ವಾ?"

"ನಿನ್ನೆ ಮಣ್ಣು ಮಾಡಿ ಬಂದ್ವಿ, ಯಜಮಾನ್ರೇ. ಕೆಮ್ಮು ಶುರುವಾದ ದಿನಾನೇ ಹೇಳ್ಬಿಟ್ಟಿದ್ಲು, ಯಾರೂ ಅವರ ಮನೆ ಕಡೆ ಹೋಗ್ಬೇಡಿ, ಸುದ್ದಿ ಹೇಳೋಕೂ ಹೋಗ್ಬೇಡಿ, ನಮ್ಮ ಕಾಯಿಲೆ ಹುಳುಗಳಿಗೆ ತಗುಲಿದ್ರೆ ಪಾಪ ಅವರ ಬೆಳೆ ಹಾಳಾಗುತ್ತೆ ಅಂತ. ಕೊನೇಲೂ ಅದನ್ನೇ ಕೇಳ್ತಿದ್ಲು." ಗಂಡ ತಲೆ ಎತ್ತಿ ನೋಡಿದ. "ಹುಳುಗಳು ಚೆನ್ನಾಗಿವೆಯಾ?"

ಹುಳುಗಳು ಚೆನ್ನಾಗಿದ್ದವು. ಬೆಳೆಗಾರ ಹೆಗಲ ಮೇಲಿನ ವಸ್ತ್ರ ತೆಗೆದು ಬಾಯಿ ಮುಚ್ಚಿಕೊಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆ ಬೆಳಿಗ್ಗೆ ತಾನು ನಿಂತ ಮೂರು ಬಾಗಿಲುಗಳೂ ಮರಿದೇವನ ಕಣ್ಣ ಮುಂದೆ ಬಂದವು. ಆದರೂ ವಾದ ಬಿಡಲು ಮನಸ್ಸು ಒಪ್ಪಲಿಲ್ಲ.

"ತನ್ನ ಕೆಮ್ಮು ಅವಳಿಗೆ ತಗುಲುತ್ತದೆಂದು ಅವನಿಗೇನು ಗೊತ್ತಿತ್ತು ಗುರುಗಳೇ?"

"ತನ್ನ ಕೆಮ್ಮು ಹುಳುಗಳಿಗೆ ತಗುಲುತ್ತದೆಂದು ಅವಳಿಗೂ ಗೊತ್ತಿರಲಿಲ್ಲ ಮರಿದೇವ; ತಗುಲೀತೇನೋ ಎಂಬ ಅನುಮಾನಕ್ಕೇ ಅವಳು ಬಾಗಿಲು ಹಾಕಿಕೊಂಡಳು."