ಮೂರು ಖಾಲಿ ಚೌಕ

ನಿಘಂಟಿನಲ್ಲಿ ‘ಪಾಗುಡ’ ಎಂಬ ವಯಸ್ಸಾದ ಪದವೊಂದಿತ್ತು. ಒಲಿದವರಿಗೆ ಕೊಡುವ ಕಾಣಿಕೆ ಎಂದು ಅದರ ಅರ್ಥ. ಅದನ್ನು ಯಾರೂ ಆಡುತ್ತಿರಲಿಲ್ಲ. ಎಂದಾದರೊಮ್ಮೆ ಪತ್ರಿಕೆಯ ಪದಬಂಧಕ್ಕೆ ಮಾತ್ರ ಅದು ಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ವಾಸುದೇವಯ್ಯ ಪದಬಂಧವನ್ನೆಲ್ಲ ತುಂಬಿ, ಪಾಗುಡದ ಮೂರು ಚೌಕಗಳನ್ನಷ್ಟೇ ಖಾಲಿ ಬಿಟ್ಟು, ಸ್ನಾನಕ್ಕೆ ಹೋದರು.

“ಇವರೂ ನನ್ನನ್ನು ಮರೆತರು,” ಎಂದು ಪದ ನಿಟ್ಟುಸಿರಿಟ್ಟಿತು. “ಒಂದು ಕಾಲಕ್ಕೆ ಉಂಗುರ, ಹೂವು, ಕಸ್ತೂರಿ ಎಲ್ಲ ನನ್ನ ಹೆಸರಲ್ಲೇ ಹೋಗುತ್ತಿದ್ದವು.”

“ಮರೆತಿಲ್ಲ ಅಜ್ಜಿ,” ಎಂದಿತು ಪಕ್ಕದಲ್ಲಿದ್ದ ಪೆನ್ಸಿಲ್. “ಮೊದಲು ಬರೆದದ್ದೇ ನಿನ್ನನ್ನು. ಆಮೇಲೆ ರಬ್ಬರು ಹಾಕಿ ಅಳಿಸಿದರು. ಯಾಕೋ ನನಗೂ ತಿಳಿಯಲಿಲ್ಲ.”

ಅಷ್ಟರಲ್ಲಿ ಅವರ ಹೆಂಡತಿ ಅಂಬುಜಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದರು. ಖಾಲಿ ಚೌಕಗಳಲ್ಲಿ ಅಳಿಸಿದ ಗುರುತಿತ್ತು. ಅದರ ಮೇಲೆ ಮೆಲ್ಲಗೆ ಬೆರಳಾಡಿಸಿ ನಕ್ಕರು. ಆದರೂ ನಿಘಂಟು ತೆರೆದು, ಪದ ಹುಡುಕಿ, ದುಂಡಗೆ ಬರೆದರು.

“ರೀ, ಇವತ್ತೂ ನಿಮಗೆ ಹೊಳೆಯದ್ದು ನನಗೆ ಸಿಕ್ಕಿತು!” ಎಂದು ಬಚ್ಚಲಿನತ್ತ ಕೂಗಿದರು.

“ನನಗೆಲ್ಲಿ ಹೊಳೀಬೇಕು, ನೀನೇ ಜಾಣೆ ಕಣೇ,” ಎಂಬ ಉತ್ತರ ನೀರಿನ ಸದ್ದಿನೊಡನೆ ಬಂತು.

“ಅಜ್ಜಿ, ಈಗ ತಿಳಿಯಿತೇ?” ಎಂದಿತು ಪೆನ್ಸಿಲ್.

“ತಿಳಿಯಿತಪ್ಪಾ,” ಎಂದಿತು ಪಾಗುಡ. “ನಾನಿನ್ನೂ ಬಳಕೆಯಲ್ಲಿದ್ದೇನೆ.”